ಪಾಚಿ ಬಣ್ಣದ ಡಬ್ಬ

ಉಪ್ಪಿನ ಡಬ್ಬ ಇಡುವ ಕಪಾಟಿನ ಬಾಗಿಲಿನ ಕೊನೆಯ ಸ್ಕ್ರೂ ಮಾತ್ರ ಹಟ ಹಿಡಿದು ಕೂತಿತ್ತು. ಟೀಚರಮ್ಮ ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು, ನಾಲಿಗೆ ಕಚ್ಚಿಕೊಂಡು, ಸ್ಕ್ರೂಡ್ರೈವರನ್ನು ಎರಡೂ ಕೈಯಲ್ಲಿ ತಿರುಗಿಸುತ್ತಿದ್ದಳು. ಅಡುಗೆಮನೆಯ ಮಿಕ್ಕ ಕಪಾಟಿನ ಬಾಗಿಲುಗಳೆಲ್ಲ ಆಗಲೇ ಕಳಚಿಕೊಂಡು, ತಪ್ಪು ಮಾಡಿ ತರಗತಿಯ ಹೊರಗೆ ನಿಂತ ಮಕ್ಕಳಂತೆ ಹಜಾರದ ಗೋಡೆಗೆ ಸಾಲಾಗಿ ಒರಗಿದ್ದವು.

"ಇವತ್ತೇ ಹಚ್ಚಬೇಕೇನೇ ಬಣ್ಣ?" ಬಾಗಿಲಲ್ಲಿ ನಿಂತ ಅತ್ತೆ ಕೇಳಿದರು. ಬೆಳಗಿನಿಂದ ಇದು ಎಷ್ಟನೆಯ ಸಲವೋ.

"ಹೂಂ ಅತ್ತೆ. ಇವತ್ತು ಸ್ಕೂಲಿಗೆ ರಜ."

"ನಾಳೆ ನೋಡಿದ್ರಾಗಲ್ವಾ? ಒಂದು ದಿನದಲ್ಲಿ ಏನು ಮುಳುಗಿಹೋಗುತ್ತೆ?"

ಟೀಚರಮ್ಮ ಸ್ಕ್ರೂಡ್ರೈವರನ್ನು ಇನ್ನಷ್ಟು ಒತ್ತಿ ತಿರುಗಿಸಿದಳು. ತಾವೇ ನಿಂತು ಮಾಡಿಸಿದ್ದ ಕಪಾಟಲ್ಲವೇ, ಅತ್ತೆಗೆ ಹೊಟ್ಟೆ ಉರಿಯದೆ ಇರುತ್ತದೆಯೇ ಎಂದುಕೊಂಡಳು.

ಆ ಕಪಾಟು ಅವಳು ಮದುವೆಯಾಗಿ ಬಂದಾಗಲೇ ಹಳೆಯದು. ಸುಟ್ಟ ರೊಟ್ಟಿಯ ಬಣ್ಣ. ಒಂದು ಬಾಗಿಲು ಮುಚ್ಚಿದರೆ ಪಕ್ಕದ್ದು ತಾನಾಗಿ ತೆರೆದುಕೊಂಡು, ಏನಾಯಿತು ಎಂದು ಇಣುಕುತ್ತಿತ್ತು. ಹೊಸ ಕಪಾಟಿನ ಆಸೆಯನ್ನು ಅವಳು ಎಷ್ಟೋ ವರ್ಷಗಳಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ತಿಳಿಯಾದ ಬಣ್ಣ, ಬೆರಳಲ್ಲಿ ಮುಟ್ಟಿದರೆ ಸದ್ದಿಲ್ಲದೆ ಹೊರಜಾರುವ ಡ್ರಾಯರುಗಳು. ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುವಾಗಲೂ ಮನಸ್ಸಿನೊಳಗೆ ಆ ಡ್ರಾಯರುಗಳನ್ನು ಎಳೆದು ಬಿಡುತ್ತಿದ್ದಳು.

ಗಂಡನಿಗೋ ಹಳೆಯದನ್ನು ಬಿಸಾಡುವುದೆಂದರೆ ಜೀವವೇ ಹೋದ ಹಾಗೆ. ಹಜಾರದ ಮೂಲೆಯಲ್ಲಿ ಅವನಪ್ಪನ ಕಾಲದ ಆರಾಮ ಕುರ್ಚಿಯೊಂದಿತ್ತು. ಅದರ ಮೇಲೆ ಒದ್ದೆ ಬಟ್ಟೆ ಆಡಿಸುವುದಕ್ಕೂ ಅಪ್ಪಣೆಯಿಲ್ಲ. "ಅಪ್ಪ ಕೂತೂ ಕೂತೂ ಬಂದಿರೋ ಹೊಳಪು ಅದು" ಎನ್ನುತ್ತಿದ್ದ.

ಹಾಗಾಗಿ ಕಳೆದ ವಾರ ಸಕ್ಕರೆ ತೆಗೆಯಲು ಹೋದವನ ಕಾಲ ಮೇಲೇ ಕಪಾಟಿನ ಬಾಗಿಲೊಂದು ಕಳಚಿ ಬಿದ್ದಾಗ ಟೀಚರಮ್ಮನಿಗೆ ಒಳಗೊಳಗೇ ಖುಷಿಯಾಗಿತ್ತು. ಅವನು ಒಂಟಿ ಕಾಲಲ್ಲಿ ಕುಣಿದು, ಕುರ್ಚಿಯಲ್ಲಿ ಕೂತು ಹೆಬ್ಬೆರಳು ನೀವಿಕೊಂಡು, ಕೊನೆಗೆ ಹೇಳಿದ: "ಒಂದು ಕೋಟ್ ಬಣ್ಣ ಹೊಡೆದ್ರೆ ಸರಿಹೋಗುತ್ತೆ. ನೀನೇ ಹೊಡೆದು ನೋಡು. ಚೆನ್ನಾಗಿ ಕಾಣಲಿಲ್ಲ ಅಂದ್ರೆ ಹೊಸದು ಮಾಡಿಸೋಣ."

ಟೀಚರಮ್ಮ ಲೆಕ್ಕದ ಟೀಚರು. ಇಷ್ಟು ಸುಲಭದ ಲೆಕ್ಕವನ್ನು ಅವಳಿಗೆ ಯಾರೂ ಕೊಟ್ಟಿರಲಿಲ್ಲ. ಚೆನ್ನಾಗಿ ಕಾಣದ ಹಾಗೆ ಬಣ್ಣ ಹೊಡೆದರಾಯಿತು.

ಬಣ್ಣದ ಅಂಗಡಿಯಲ್ಲಿ ಅವಳು ಕೇಳಿದ್ದು ಒಂದೇ ಮಾತು: "ಯಾರೂ ತಗೊಳ್ಳದೇ ಇರೋ ಬಣ್ಣ ಇದೆಯಾ?" ಅಂಗಡಿಯವನು ಒಳಗೆ ಹೋಗಿ, ಧೂಳು ಊದಿ, ಒಂದು ಡಬ್ಬ ತಂದ. ಯಾರಿಗೋ ಕಲಸಿಕೊಟ್ಟದ್ದು, ನೋಡಿದ ತಕ್ಷಣ ವಾಪಸು ಬಂದದ್ದು. ನಿಂತ ನೀರಿನ ಪಾಚಿಗೆ ಕಾಯಿಲೆ ಬಂದರೆ ಹೇಗಿರುತ್ತದೋ ಹಾಗಿತ್ತು.

"ಅಮ್ಮಾ, ಇದು ಯಾವುದಕ್ಕೆ? ಗೇಟಿಗಾ?"

"ಅಡುಗೆಮನೆಗೆ."

ಅವನು ಡಬ್ಬದ ಮುಚ್ಚಳವನ್ನು ಒತ್ತಿ ಮುಚ್ಚಿ, "ವಾಪಸ್ ಮಾತ್ರ ತಗೊಳ್ಳಲ್ಲ" ಎಂದ.

ಹಟಮಾರಿ ಸ್ಕ್ರೂ ಕಡೆಗೂ ಸೋತಿತು. ಬಾಗಿಲು ಅವಳ ಕೈ ಜಾರಿ ಧಡಾರನೆ ಬಿತ್ತು. ಆ ಸದ್ದಿಗೆ ಕೆಳಗಿನ ಮನೆಯ ಪಾರ್ಲರಕ್ಕ ಮೆಟ್ಟಿಲು ಹತ್ತಿ ಬಂದೇಬಿಟ್ಟಳು. ಅವಳ ಬ್ಯೂಟಿ ಪಾರ್ಲರ್ ಇದ್ದದ್ದು ಅವಳ ಮುಂಭಾಗದ ಕೋಣೆಯಲ್ಲೇ. ಆದರೆ ಅವಳು ಹೆಚ್ಚಾಗಿ ಇರುತ್ತಿದ್ದದ್ದು ಮಿಕ್ಕವರ ಮನೆಗಳಲ್ಲಿ.

"ಇದೇನು ಟೀಚರಮ್ಮ, ಮನೆ ಖಾಲಿ ಮಾಡ್ತಿದೀರಾ?"

"ಇಲ್ಲ, ಕಪಾಟಿಗೆ ಬಣ್ಣ."

"ಇದಕ್ಕಾ? ನಮ್ಮನೇದೂ ಇದೇ ಕಾಲದ್ದು, ಯಾವಾಗ ಎತ್ತಿ ಬಿಸಾಕ್ತೀನೋ ಅಂತ ಕಾಯ್ತಿದೀನಿ. ನೀವು ಹೊಸದೇ ಮಾಡಿಸ್ಬಾರದಾ?"

ಗುಟ್ಟು ಇವಳ ಕಿವಿಗೆ ಬಿದ್ದರೆ ಸಂಜೆಯೊಳಗೆ ಬೀದಿಯ ಕೊನೆ ಮುಟ್ಟುತ್ತದೆ. "ಅಯ್ಯೋ ಬೇಡಪ್ಪ," ಎಂದಳು ಟೀಚರಮ್ಮ ಗಾಬರಿಯಲ್ಲಿ, "ಈ ಕಪಾಟು ಅಂದ್ರೆ ನನಗೆ ಪ್ರಾಣ."

ಅತ್ತೆ ಸೊಸೆಯ ಮುಖವನ್ನೇ ನೋಡಿದರು. ಏನೋ ಹೇಳಲು ಬಾಯಿ ತೆರೆದು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಟೀಚರಮ್ಮ ಜಿಡ್ಡು ಜಿಡ್ಡಾಗಿದ್ದ ಬಾಗಿಲಿನ ಮೇಲೇ ಬ್ರಷ್ ಇಡಲು ಹೋದಳು. ಅದೂ ಲೆಕ್ಕದ ಭಾಗವೇ. ಜಿಡ್ಡಿನ ಮೇಲೆ ಹೊಡೆದ ಬಣ್ಣ ನಾಲ್ಕು ದಿನದಲ್ಲಿ ಸಿಪ್ಪೆ ಏಳುತ್ತದೆಂದು ಅವಳು ಕೇಳಿ ತಿಳಿದಿದ್ದಳು. ಪಾರ್ಲರಕ್ಕ ಕೈ ಹಿಡಿದು ನಿಲ್ಲಿಸಿದಳು.

"ತಾಳಿ ತಾಳಿ. ಮುಖ ತೊಳೀದೆ ಮೇಕಪ್ಪಾ? ನನ್ನ ಕಣ್ಣೆದುರಿಗೆ?"

ಆಮೇಲೆ ಟೀಚರಮ್ಮನ ಮಾತು ನಡೆಯಲಿಲ್ಲ. ಪಾರ್ಲರಕ್ಕ ಸೊಂಟಕ್ಕೆ ಸೆರಗು ಬಿಗಿದು, ಬಿಸಿನೀರು ತರಿಸಿ, ಒಂದೊಂದು ಬಾಗಿಲನ್ನೂ ಮದುಮಗಳ ಹಾಗೆ ತೊಳೆದಳು, ಒರೆಸಿದಳು, ಮರಳು ಕಾಗದದಿಂದ ಉಜ್ಜಿದಳು. "ನೋಡಿ ಎಷ್ಟು ಸತ್ತ ಚರ್ಮ," ಎಂದು ಉದುರಿದ ಪುಡಿಯನ್ನು ತೋರಿಸಿದಳು. ಒಣಗಿಸಲು ಕೆಳಗಿನಿಂದ ಕೂದಲು ಒಣಗಿಸುವ ಡ್ರೈಯರನ್ನೂ ತಂದಳು.

"ಇಷ್ಟೆಲ್ಲ ಯಾಕೆ, ನಿಮ್ಮ ಗಿರಾಕಿ ಕಾಯ್ತಿರಲ್ವಾ?" ಟೀಚರಮ್ಮ ಅಂಗಲಾಚಿದಳು.

"ಮುಖಕ್ಕೆ ಲೇಪ ಹಾಕಿ ಬಂದಿದೀನಿ. ಒಣಗ್ಲಿ ಬಿಡಿ."

ಡ್ರೈಯರಿನ ಗದ್ದಲಕ್ಕೆ ಮೇಲಿನ ಮನೆಯ ಡ್ರಾಯಿಂಗ್ ಮೇಷ್ಟ್ರು ಇಳಿದು ಬಂದರು. ನಿವೃತ್ತರಾದ ಮೇಲೆ ಅವರಿಗೆ ತಪ್ಪು ತಿದ್ದಲು ಮಕ್ಕಳು ಸಿಗದೆ ಕೈ ಕಡಿಯುತ್ತಿತ್ತು. ಡಬ್ಬದೊಳಗೆ ಬಗ್ಗಿ ನೋಡಿದವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ಯಾರು ಸತ್ತಿದ್ದಾರೆ ಇದರಲ್ಲಿ?"

"ನನಗೆ ಇದೇ ಇಷ್ಟ ಮೇಷ್ಟ್ರೇ."

"ನಿಮಗೆ ಇಷ್ಟ ಆಗಬಹುದು, ಬಣ್ಣಕ್ಕೂ ಒಂದು ಮರ್ಯಾದೆ ಇರುತ್ತಲ್ಲ." ಮನೆಗೆ ಹೋಗಿ ಅರ್ಧ ಡಬ್ಬ ಬಿಳಿ ಬಣ್ಣ ತಂದು, ಬಕೆಟ್ಟಿನಲ್ಲಿ ಪಾಚಿಯನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ, ಕೋಲಿನಿಂದ ತಿರುವುತ್ತ ನಿಂತರು. ನೋಡನೋಡುತ್ತ ಕಾಯಿಲೆಯ ಪಾಚಿ ಮಾಯವಾಗಿ, ಮುಂಜಾನೆಯ ಕೊಳದ ನೀರಿನಂಥ ತಿಳಿ ಹಸಿರು ಮೇಲೆದ್ದಿತು. ಟೀಚರಮ್ಮನಿಗೆ ಅಳು ಬರುವಷ್ಟು ಚೆನ್ನಾಗಿತ್ತು.

ಅವಳು ಸೋಲೊಪ್ಪಲಿಲ್ಲ. ಬ್ರಷ್ಷನ್ನು ಅದ್ದಿ ಅದ್ದಿ, ಬಣ್ಣ ಸೋರಿ ಇಳಿಯುವ ಹಾಗೆ ದಪ್ಪಗೆ ಬಳಿದಳು. ಬಾಗಿಲುಗಳೆಲ್ಲ ಮೂಗು ಸೋರುವ ಮಕ್ಕಳಾದವು. ಆಹಾ, ಇನ್ನು ಇದನ್ನು ಯಾರು ಸರಿಮಾಡುತ್ತಾರೆ ಎಂದುಕೊಳ್ಳುವಷ್ಟರಲ್ಲಿ ಮೇಷ್ಟ್ರು ಅತ್ತೆಯ ಕಡೆ ತಿರುಗಿ, "ಅಮ್ಮಾ, ಒಂದು ಬಾಚಣಿಗೆ ಕೊಡಿ" ಎಂದರು. ಹಸಿ ಬಣ್ಣದ ಮೇಲೆ ಬಾಚಣಿಗೆಯನ್ನು ತೂಗಿ ತೂಗಿ ಎಳೆದರು. ಸೋರಿದ್ದೆಲ್ಲ ಅಲೆಅಲೆಯಾಗಿ, ದುಬಾರಿ ಮರದ ಗೆರೆಗಳ ಹಾಗೆ ಹರಡಿಕೊಂಡಿತು.

"ಅಬ್ಬಾ, ಟೀಚರಮ್ಮ ಬೇಕಂತಲೇ ದಪ್ಪ ಬಳಿದಿದ್ದು ಇದಕ್ಕೇ," ಎಂದಳು ಪಾರ್ಲರಕ್ಕ. "ಏನು ತಲೆ ನಿಮ್ಮದು."

ಬೇಕಂತಲೇ ಎಂಬುದೊಂದು ಮಾತ್ರ ನಿಜವಾಗಿತ್ತು.

ಅಷ್ಟರಲ್ಲಿ ಅತ್ತೆ ಕಿಟಾರನೆ ಕಿರುಚಿಕೊಂಡರು. "ಬಾಗಿಲು ನಡ್ಕೊಂಡು ಬರ್ತಿದೆ ಕಣೇ."

ಮೆಟ್ಟಿಲ ಮೇಲೆ ಹಸಿರು ಮುಖವೊಂದು ನಿಂತಿತ್ತು. ಪಾರ್ಲರಿನಲ್ಲಿ ಲೇಪ ಹಚ್ಚಿಸಿಕೊಂಡು ಮರೆತುಹೋಗಿದ್ದ ಗಿರಾಕಿ. ಲೇಪ ಒಣಗಿ ಕಲ್ಲಾಗಿ, ಬಾಯಿ ತೆರೆಯಲಾರದೆ, ಮೂಗಿನಿಂದಲೇ ಏನೋ ಬೈಯುತ್ತಿದ್ದಳು. ಮೇಷ್ಟ್ರು ಅವಳನ್ನೂ ಬಕೆಟ್ಟನ್ನೂ ಒಮ್ಮೆ ನೋಡಿ, "ಬಣ್ಣ ಸರಿಯಾಗಿ ಹೊಂದಿದೆ" ಎಂದರು. ಪಾರ್ಲರಕ್ಕ ಅಲ್ಲೇ ಅವಳನ್ನು ಕೂರಿಸಿ ಒದ್ದೆ ಬಟ್ಟೆಯಿಂದ ಮುಖ ಒರೆಸಿದಳು. ಬಾಯಿ ಬಿಡುಗಡೆಯಾದದ್ದೇ ಗಿರಾಕಿ ಆಡಿದ ಮೊದಲ ಮಾತು: "ಎಷ್ಟು ಚೆನ್ನಾಗಿದೆ ಈ ಬಾಗಿಲು." ಆಮೇಲೆ ಅವಳೂ ಪಾರ್ಲರಿನಿಂದ ಇನ್ನೊಂದು ಡ್ರೈಯರ್ ತಂದು ಹಿಡಿದು ನಿಂತಳು. ಎರಡು ಡ್ರೈಯರ್ ಒಟ್ಟಿಗೇ ಓಡಿ ಕರೆಂಟು ಹೋಯಿತು. ಎಲ್ಲರೂ ರಟ್ಟು, ಮೊರ, ಅತ್ತೆಯ ಬೀಸಣಿಗೆ ಹಿಡಿದು ಬಾಗಿಲುಗಳಿಗೆ ಗಾಳಿ ಹಾಕಿದರು. ಬಾಣಂತಿಗೂ ಯಾರೂ ಅಷ್ಟು ಉಪಚಾರ ಮಾಡಿರಲಾರರು.

"ಇವತ್ತು ಬೇಡ ಅಂತ ಬಡ್ಕೊಂಡೆ," ಎಂದು ಅತ್ತೆ ಬೀಸುತ್ತಲೇ ಗೊಣಗುತ್ತಿದ್ದರು.

ಸಂಜೆಯ ಹೊತ್ತಿಗೆ ಬಾಗಿಲುಗಳೆಲ್ಲ ತಮ್ಮ ತಮ್ಮ ಜಾಗ ಸೇರಿದವು. ಮೇಷ್ಟ್ರು ಕೀಲುಗಳಿಗೆ ಎಣ್ಣೆಯನ್ನೂ ಬಿಟ್ಟರು. ಒಂದು ಮುಚ್ಚಿದರೆ ಇನ್ನೊಂದು ಇಣುಕುವುದು ನಿಂತಿತು. ಟೀಚರಮ್ಮ ತನ್ನ ಕನಸಿನ ಬಣ್ಣವನ್ನು, ತನಗೆ ಬೇಡವಾದ ಕಪಾಟಿನ ಮೇಲೆ, ಬೆಪ್ಪಾಗಿ ನೋಡುತ್ತ ನಿಂತಳು. ಉಳಿದಿದ್ದದ್ದು ಒಂದೇ ಆಸೆ. ಗಂಡನಿಗೆ ಹಸಿರು ಎಂದರೆ ಆಗುತ್ತಿರಲಿಲ್ಲ.

ಗಂಡ ಬಂದ. ಹಿಂದೆಯೇ ಒಬ್ಬ ಬಡಗಿ, ಕಿವಿಯಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡು. ಇಬ್ಬರೂ ಅಡುಗೆಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟರು.

"ಇದು... ನಮ್ಮದೇ ಕಪಾಟಾ?" ಎಂದ ಗಂಡ.

"ಚೆನ್ನಾಗಿಲ್ಲ ಅಲ್ವಾ?" ಟೀಚರಮ್ಮನ ದನಿಯಲ್ಲಿ ಆಸೆ ತುಳುಕಿತು. "ನಿಮಗೆ ಹಸಿರು ಆಗಲ್ಲ."

"ಇಂಥ ಹಸಿರು ನಾನು ನೋಡಿರ್ಲಿಲ್ಲ." ಅವನು ಬಾಗಿಲನ್ನು ಮೆಲ್ಲಗೆ ಸವರಿದ. ಆಮೇಲೆ ಬಡಗಿಯ ಕಡೆ ನೋಡಿದ. ಬಡಗಿ ತಲೆ ಕೆರೆದುಕೊಂಡು, "ಇದನ್ನ ಒಡೆಯೋಕೆ ನನಗೆ ಕೈ ಬರಲ್ಲ ಸಾರ್" ಎಂದ.

"ಒಡೆಯೋದು ಯಾಕೆ?" ಟೀಚರಮ್ಮ ಕೇಳಿದಳು.

"ಹೊಸ ಕಪಾಟು ತಂದಿದ್ದೆ," ಎಂದ ಗಂಡ, ನಾಚಿಕೊಂಡವನಂತೆ ನಗುತ್ತ. "ಕೆಳಗೆ ಟೆಂಪೋದಲ್ಲಿದೆ. ತಿಳಿ ಬಣ್ಣ, ಸದ್ದಿಲ್ಲದ ಡ್ರಾಯರ್, ನೀನು ಹೇಳ್ತಿದ್ದೆಯಲ್ಲ. ಕಾಲ ಮೇಲೆ ಬಾಗಿಲು ಬಿತ್ತಲ್ಲ, ಅವತ್ತೇ ನಿರ್ಧಾರ ಮಾಡಿದೆ. ನಿನಗೆ ಅನುಮಾನ ಬರಬಾರದು ಅಂತ ಬಣ್ಣದ ಮಾತಾಡಿದೆ, ಅಷ್ಟೇ. ಅಮ್ಮನೇ ಅಳತೆ ತೆಗೆದುಕೊಟ್ಟಿದ್ದು."

"ಹೇಳಬೇಡ ಅಂದಿದ್ದ, ಹೇಳಲಿಲ್ಲ," ಎಂದರು ಅತ್ತೆ. "ಬೆಳಗಿನಿಂದ ಬಾಯಿ ಕಟ್ಟಿಕೊಂಡು ಹೊಟ್ಟೆ ಉಬ್ಬರಿಸಿಹೋಯ್ತು ನನಗೆ."

ಟೀಚರಮ್ಮ ಬಾಯಿ ತೆರೆದಳು. ಹೇಳಬೇಕಾದ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅದಕ್ಕೆ ಮುಂಚೆ ಪಾರ್ಲರಕ್ಕ ಮುಂದೆ ಬಂದಳು.

"ಬೇಡವೇ ಬೇಡ ಅಣ್ಣ. ಹಳೇ ಕಪಾಟು ಅಂದ್ರೆ ನನಗೆ ಪ್ರಾಣ ಅಂತ ಟೀಚರಮ್ಮನೇ ಬಾಯಿಬಿಟ್ಟು ಹೇಳಿದ್ರು. ಇದನ್ನ ಕಿತ್ತರೆ ಅವರು ಊಟ ಬಿಡ್ತಾರೆ."

ಗಂಡ ಹೆಂಡತಿಯನ್ನು ನೋಡಿದ. ಮದುವೆಯಾದ ಹೊಸದರಲ್ಲಿ ಒಂದೆರಡು ಸಲ ನೋಡಿದ್ದ, ಆಮೇಲೆ ಎಲ್ಲೋ ಇಟ್ಟು ಮರೆತಿದ್ದ ನೋಟ ಅದು. "ನೀನೂ ನನ್ನ ಥರಾನೇ ಅಂತ ಗೊತ್ತೇ ಇರಲಿಲ್ಲ," ಎಂದ. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಷ್ಟು ಜನರ ಒದ್ದೆ ಕಣ್ಣುಗಳ ನಡುವೆ ಟೀಚರಮ್ಮ ಬಾಯಿ ಮುಚ್ಚಿಕೊಂಡಳು.

"ಹಾಗಾದ್ರೆ ಕೆಳಗಿರೋದನ್ನ ಏನ್ಮಾಡ್ಲಿ ಸಾರ್?" ಬಡಗಿ ಕೇಳಿದ.

"ನಮ್ಮನೆ ಅಡುಗೆಮನೇನೂ ಇದೇ ಅಳತೆ," ಎಂದಳು ಪಾರ್ಲರಕ್ಕ ತಕ್ಷಣ. "ನಾನೇ ತಗೋತೀನಿ ಅಣ್ಣ."

ಕತ್ತಲಾಗುವಷ್ಟರಲ್ಲಿ ಕೆಳಗಿನ ಮನೆಯಿಂದ ಬರುತ್ತಿದ್ದ ಸುತ್ತಿಗೆಯ ಸದ್ದು ನಿಂತು, ಅದರ ಬದಲು ಏನೂ ಕೇಳಿಸದಾಯಿತು. ಡ್ರಾಯರುಗಳು ಸದ್ದಿಲ್ಲದೆ ಜಾರುತ್ತಿದ್ದಿರಬೇಕು. ಆ ಮೌನವನ್ನು ಟೀಚರಮ್ಮ ಪಾತ್ರೆ ತೊಳೆಯುತ್ತ ಕಿವಿಗೊಟ್ಟು ಕೇಳಿದಳು.

ಗಂಡ ಆರಾಮ ಕುರ್ಚಿಯಲ್ಲಿ ಕಾಲು ಚಾಚಿ, ಚಹಾ ಕುಡಿಯುತ್ತ, ಅಡುಗೆಮನೆಯನ್ನು ಕಣ್ತುಂಬ ನೋಡುತ್ತಿದ್ದ. "ಇನ್ನು ಇಪ್ಪತ್ತು ವರ್ಷಕ್ಕೆ ಯೋಚನೆ ಇಲ್ಲ," ಎಂದ.

"ಹೌದಲ್ವಾ."

ಅವಳು ಕೈ ಒರೆಸಿಕೊಂಡು ಬಣ್ಣದ ಡಬ್ಬ ಎತ್ತಿಡಲು ಹೋದಳು. ಮೇಷ್ಟ್ರು ಬಳಸಿದ್ದು ಕೊಂಚ ಮಾತ್ರ. ಬಿಳಿ ತಾಗದ, ಅಸಲು ಪಾಚಿ ಇನ್ನೂ ಮುಕ್ಕಾಲು ಡಬ್ಬ ಉಳಿದಿತ್ತು. ಮುಚ್ಚಳ ಕೈಯಲ್ಲಿ ಹಿಡಿದು ಅದನ್ನು ನೋಡಿದಳು. ಆಮೇಲೆ ಕುರ್ಚಿಯ ಕೈಗಳ ಮೇಲಿನ ಹೊಳಪನ್ನು ನೋಡಿದಳು.

"ರೀ, ನೀವು ಆಫೀಸಿನ ಕೆಲಸದ ಮೇಲೆ ಹೊರಗೆ ಹೋಗೋದು ಬರೋ ವಾರಾನೇ ಅಲ್ವಾ?"

"ಹೂಂ. ಯಾಕೆ?"

"ಏನಿಲ್ಲ," ಎಂದು ಟೀಚರಮ್ಮ ಮುಚ್ಚಳವನ್ನು ಡಬ್ಬದ ಮೇಲೆ ಸುಮ್ಮನೆ ಇಟ್ಟಳು. ಒತ್ತಲಿಲ್ಲ.