ಅಲೆಯ ಮೇಲೆ ನಿಲ್ಲಲು ಎರಡು ದಿನದ ರಜೆ

ಕಾಣದ್ದನ್ನು ಕಂಡವರಂತೆ ಹೇಳುವ ಕಲೆಯಲ್ಲಿ ಜ್ಯೋತಿಷಿಗಳನ್ನು ಬಿಟ್ಟರೆ ಎರಡನೆಯ ಸ್ಥಾನ ನಮ್ಮ ಶಿಕ್ಷಕ ವರ್ಗದ್ದೇ. ನಾನು ಭಾಲ್ಕಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಉಬ್ಬರ, ಇಳಿತ, ಬಂದರು, ಮೀನುಗಾರಿಕೆ ಎಲ್ಲವನ್ನೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಪಶ್ಚಿಮ ಕರಾವಳಿಯನ್ನು ಬೋರ್ಡಿನ ಮೇಲೆ ಒಂದೇ ಗೀಟಿನಲ್ಲಿ ಬರೆದು, ಪಕ್ಕಕ್ಕೆ ನೀಲಿ ಸೀಮೆಸುಣ್ಣ ತಿಕ್ಕಿ, "ಇದು ಅರಬ್ಬೀ ಸಮುದ್ರ" ಎಂದು ಅಲ್ಲೇ ಹುಟ್ಟಿ ಬೆಳೆದವಳ ಗತ್ತಿನಲ್ಲಿ ಹೇಳುತ್ತೇನೆ. ಆದರೆ ಸಮುದ್ರವನ್ನು ನಾನು ನೋಡಿಲ್ಲ. ನನ್ನ ಪಾಲಿಗೆ ದೊಡ್ಡ ನೀರೆಂದರೆ ಕಾರಂಜಾ ಜಲಾಶಯ, ಅದನ್ನೂ ದಂಡೆಯಿಂದ ಹತ್ತು ಮಾರು ಹಿಂದೆ ನಿಂತು ನೋಡಿದವಳು. ಇಷ್ಟು ವರ್ಷ ಸಿಕ್ಕಿಬೀಳಲಿಲ್ಲ ಏಕೆಂದರೆ ನನ್ನ ವಿದ್ಯಾರ್ಥಿಗಳೂ ಸಮುದ್ರ ನೋಡಿರಲಿಲ್ಲ.

ಸಿಕ್ಕಿಬಿದ್ದದ್ದು ಮನೆಯಲ್ಲಿ. ನನ್ನ ಮಗಳು ಅಕ್ಷತಾಗೆ ಹತ್ತು ವರ್ಷ, ಐದನೆಯ ತರಗತಿ. ಒಂದು ದಿನ ಮೊಬೈಲಿನಲ್ಲಿ ಅವಳಷ್ಟೇ ವಯಸ್ಸಿನ ಹುಡುಗಿಯೊಬ್ಬಳು ಹಲಗೆಯೊಂದರ ಮೇಲೆ ನಿಂತು ಅಲೆಯ ಬೆನ್ನೇರಿ ಬರುವುದನ್ನು ನೋಡಿದಳು. ನೋಡಿದವಳೇ ಓಡಿಬಂದು, "ಅವ್ವಾ, ಇದು ನನಗ ಕಲೀಬೇಕು" ಎಂದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಕೈಯಲ್ಲಿ ಹಿಟ್ಟು ಇರುವಾಗ ಮಕ್ಕಳು ಏನು ಕೇಳಿದರೂ ಹೂಂ ಅನ್ನುವುದು ನನ್ನ ಹಳೆಯ ದುಶ್ಚಟ. "ಆಯ್ತವ್ವಾ, ಹೋಗೂಣು" ಎಂದುಬಿಟ್ಟೆ. ಉತ್ತರ ಕನ್ನಡದ ಕಡಲತೀರದಲ್ಲಿ ಎರಡು ದಿನ ಡೇರೆಯಲ್ಲಿ ಇಟ್ಟುಕೊಂಡು ಈ ವಿದ್ಯೆ ಕಲಿಸುವವರಿದ್ದಾರೆಂದು ಅವಳೇ ಹುಡುಕಿ ತೆಗೆದಳು. ಬೀದರದ ಚಿದ್ರಿಯ ನಮ್ಮ ಮನೆಯಿಂದ ಅಲ್ಲಿಗೆ ಹೋಗಲು ಒಂದು ರಾತ್ರಿ, ಬರಲು ಒಂದು ರಾತ್ರಿ. ವಾರಾಂತ್ಯಕ್ಕೆ ಹಿಡಿಸುತ್ತದೆ, ಶನಿವಾರ ಮತ್ತು ಸೋಮವಾರ ರಜೆ ಸಿಕ್ಕರೆ.

ಮೊದಲ ಸಲ ಹೊರಡಬೇಕಾದ ವಾರವೇ ನಮ್ಮ ಮೈದುನನ ಮಗಳ ನಿಶ್ಚಿತಾರ್ಥ ಬಂತು. ಎರಡನೆಯ ಸಲ ಚುನಾವಣಾ ಕರ್ತವ್ಯದ ಆದೇಶ ಬಂತು. ಅಕ್ಷತಾ ಅಳಲಿಲ್ಲ, ರಂಪ ಮಾಡಲಿಲ್ಲ. ಕೇಳುವುದನ್ನೇ ಬಿಟ್ಟಳು. ಒಂದು ಸಂಜೆ ಮನೆಗೆ ಬಂದ ನೆಂಟರು "ಏನವ್ವಾ, ಸಮುದ್ರಕ್ಕ ಹೊಂಟೀರಂತ?" ಎಂದಾಗ ಅವಳು ಪುಸ್ತಕದಿಂದ ತಲೆ ಎತ್ತದೆ, "ಇಲ್ರಿ, ನಮ್ಮ ಅವ್ವಂದು ಬರೇ ಮಾತ್ರಿ" ಎಂದಳು. ನೆಂಟರು ನಕ್ಕರು, ನಾನೂ ನಕ್ಕೆ. ಒಳಗೆ ಹೋಗಿ ಚಹಾಕ್ಕೆ ಸಕ್ಕರೆ ಎರಡು ಸಲ ಹಾಕಿದೆ. ನೂರಾರು ಮಕ್ಕಳು ನನ್ನ ಮಾತನ್ನು ನಂಬಿ ಪರೀಕ್ಷೆ ಬರೆಯುತ್ತಾರೆ, ಹೆತ್ತ ಮಗಳಿಗೆ ನನ್ನ ಮಾತು ಬರೇ ಮಾತು! ಏನೇ ಆಗಲಿ, ಈ ಸಲ ಹೋಗಿಯೇ ತೀರುವುದು ಎಂದು ಅಡುಗೆಮನೆಯಲ್ಲೇ ನಿಶ್ಚಯ ಮಾಡಿದೆ.

ನಿಶ್ಚಯ ಮಾಡಿದವಳು ಪಂಚಾಂಗದಲ್ಲಿ ಆರಿಸಿದ್ದು ಜುಲೈ ತಿಂಗಳನ್ನು. ನಮ್ಮ ಬೀದರದವರಿಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಾಗಿಲಾಚೆ ಕಾಲಿಟ್ಟರೆ ಚಪ್ಪಲಿ ಸುಡುತ್ತದೆ. ಜುಲೈ ಬಂತೆಂದರೆ ತಣ್ಣನೆಯ ಗಾಳಿ, ಮೊಳಕೆಯೊಡೆದ ಸೋಯಾಬೀನು, ಆಗೊಮ್ಮೆ ಈಗೊಮ್ಮೆ ಮುಖಕ್ಕೆ ಪನ್ನೀರು ಚಿಮುಕಿಸಿದ ಹಾಗೆ ಮಳೆ. ನಾವು ಎಲ್ಲಿಗಾದರೂ ಬುತ್ತಿ ಕಟ್ಟಿಕೊಂಡು ಹೋಗುವುದಿದ್ದರೆ ಅದು ಜುಲೈಯಲ್ಲೇ. ಜಂಬದಿಂದ ಆ ತರಬೇತುದಾರನಿಗೆ ಫೋನು ಮಾಡಿ ತಾರೀಖು ಹೇಳಿದೆ.

"ಮೇಡಂ, ಜುಲೈಯಲ್ಲಾ? ಮಳೆಗಾಲ ಮಾರಾಯ್ರೆ! ಮೀನು ಹಿಡಿಯುವವರೇ ದೋಣಿ ಇಳಿಸುವುದಿಲ್ಲ ಇಲ್ಲಿ. ಡೇರೆ ಹಾಕಿದ್ರೆ ನೀವು, ಡೇರೆ ಎರಡೂ ಹಾರಿ ಹೋಗ್ತೀರಿ" ಎಂದ. ಆಮೇಲೆ ಕುತೂಹಲದಿಂದ, "ಮೇಡಂ ಏನು ಕೆಲಸ ಮಾಡಿಕೊಂಡಿರುವುದು?" ಎಂದು ಕೇಳಿದ.

ಅಂದು ಬೆಳಗ್ಗೆಯೇ ನಾನು ಒಂಬತ್ತನೆಯ ತರಗತಿಗೆ ನೈಋತ್ಯ ಮಾರುತದ ಪಾಠ ಮಾಡಿದ್ದೆ. ಅರಬ್ಬೀ ಸಮುದ್ರದಿಂದ ಹೊರಟು ಕರಾವಳಿಗೆ ಬಡಿಯುವ ಬಾಣಗಳನ್ನು ಬೋರ್ಡಿನ ತುಂಬ ಎಳೆದು, ಯಾವ ತಿಂಗಳಲ್ಲಿ ಎಲ್ಲಿ ಹೆಚ್ಚು ಮಳೆಯೆಂದು ಮಕ್ಕಳ ಬಾಯಲ್ಲಿ ಹೇಳಿಸಿದ್ದೆ. "ನಾ ಹೊಲಿಗಿ ಕಲಸ್ತೇನ್ರಿ" ಎಂದು ಫೋನಿಟ್ಟೆ. ತಿರುಗಿ ನೋಡಿದರೆ ಅಕ್ಷತಾ ಬಾಗಿಲಲ್ಲಿ ನಿಂತಿದ್ದಳು. "ಅವ್ವಾ, ನೀ ಹೊಲಿಗಿ ಯಾವಾಗಿಂದ ಕಲಸ್ಲಾಕತ್ತಿ?" ಎಂದಳು. ಹೀಗೆ ಪ್ರವಾಸ ಮೂರನೆಯ ಸಲ ಮುಂದಕ್ಕೆ ಹೋಗಿ, ನವೆಂಬರದ ಒಂದು ಶನಿವಾರಕ್ಕೆ ಬಂದು ನಿಂತಿತು.

ಈ ಸಲ ಬಿಡುವ ಪ್ರಶ್ನೆಯೇ ಇಲ್ಲ ಎಂದು ತೋರಿಸಲು ತಾಲೀಮು ಶುರು ಮಾಡಿದೆ. ನೆಲದ ಮೇಲೆ ಬೋರಲು ಮಲಗಬೇಕು, ಎರಡೂ ಕೈಯಿಂದ ನೀರು ತಳ್ಳಬೇಕು, ಅಲೆ ಬಂತೆಂದ ಕೂಡಲೇ ಒಂದೇ ನೆಗೆತಕ್ಕೆ ಎದ್ದು ನಿಲ್ಲಬೇಕು. ತರಬೇತುದಾರ ಕಳಿಸಿದ ವಿಡಿಯೋದಲ್ಲಿ ಇದಕ್ಕೆಲ್ಲ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕಾಗಿತ್ತು. ಮಾಳಿಗೆಯ ಮೇಲೆ ನಾನು ಎದ್ದು ನಿಲ್ಲುವಷ್ಟರಲ್ಲಿ ನಾಲ್ಕು ಅಲೆ ದಂಡೆ ಸೇರಿ ವಾಪಸು ಹೋಗಿರುತ್ತಿದ್ದವು. ಒಂದು ಸಂಜೆ ಹೀಗೆ ಬೋರಲು ಬಿದ್ದು ಕೈಯಾಡಿಸುತ್ತಿದ್ದಾಗ ಪಕ್ಕದ ಮಾಳಿಗೆಯಿಂದ ಶಾಂತಾಬಾಯಿ ಗಾಬರಿಯಿಂದ ಕೇಳಿದರು.

"ಏನ್ರಿ ಟೀಚರಬಾಯಿ, ಏನ್ ಹುಡಕ್ಲಾಕತ್ತೀರಿ? ಕಿವ್ಯಾಗಿಂದು ಬಿತ್ತೇನ್ರಿ?"

ಇಲ್ಲ, ಸಮುದ್ರದಲ್ಲಿದ್ದೇನೆ ಎಂದು ಹೇಳಲು ನಾಲಿಗೆ ಏಳಲಿಲ್ಲ. "ಹೌದ್ರಿ" ಎಂದೆ. ಪಾಪ, ಆ ಮಹಾತಾಯಿ ನಮ್ಮ ಮಾಳಿಗೆಗೆ ಬಂದು, ಸೀರೆ ಎತ್ತಿ ಕಟ್ಟಿ, ಕತ್ತಲಾಗುವ ತನಕ ನನ್ನ ಜೊತೆ ಹುಡುಕಿದರು. ಎರಡೂ ಓಲೆ ನನ್ನ ಕಿವಿಯಲ್ಲೇ ಇದ್ದವು. ಸೆರಗು ಹೊದ್ದುಕೊಂಡು ಮುಚ್ಚಿಟ್ಟುಕೊಂಡಿದ್ದೆ.

ನನ್ನ ತವರು ಔರಾದ ತಾಲ್ಲೂಕಿನ ಸಂತಪುರ. ಅಲ್ಲಿ ಒಕ್ಕಲುತನ ಮಾಡುವ ನನ್ನ ತಮ್ಮ ಬಸಣ್ಣನಿಗೆ ಈ ಸುದ್ದಿ ಹೇಳಿದಾಗ ಅವನಿಗೆ ಡೇರೆಯ ವಿಚಾರವೇ ತಲೆಗೆ ಹೋಗಲಿಲ್ಲ. "ಬಯಲಾಗ ಮಲಗೂದಕ್ಕ ಅಷ್ಟು ದೂರ ಯಾಕ ಹೋಗ್ತಿ ಅಕ್ಕಾ? ನಮ್ಮ ತೊಗರಿ ಹೊಲದಾಗ ಬಂದು ಮಲಗು. ರಾತ್ರಿ ನಾಲ್ಕು ಹಂದಿನರ ಓಡಸ್ತಿ" ಎಂದ. ಆದರೆ ಸೋದರಸೊಸೆ ಅಕ್ಷತಾಗೆ ಈಜು ಬರುವುದಿಲ್ಲ ಎಂದು ಕೇಳಿದ್ದೇ ಅವನ ನಗು ನಿಂತಿತು. ನಮ್ಮ ಕಡೆ ಈಜು ಕಲಿಯುವುದು ಹೊಲದ ಬಾವಿಯಲ್ಲಿ. ಹಿಂದೆ ಒಣಗಿದ ಸೋರೆಬುರುಡೆಗಳನ್ನು ಬೆನ್ನಿಗೆ ಕಟ್ಟಿ ಬಿಡುತ್ತಿದ್ದರು, ಈಗ ಖಾಲಿಯಾದ ಅಡುಗೆಎಣ್ಣೆಯ ಕ್ಯಾನು. ದಸರಾ ರಜೆಗೆ ಕರೆದುಕೊಂಡು ಬಾ ಎಂದು ಅಪ್ಪಣೆಯಾಯಿತು.

ಮಳೆಗಾಲ ಮುಗಿದು ಬಾವಿ ತುಂಬಿತ್ತು. ಬಸಣ್ಣ ಮೊದಲ ದಿನ ಅಕ್ಷತಾಳ ಬೆನ್ನಿಗೆ ಎರಡು ಕ್ಯಾನು ಕಟ್ಟಿದ. ನಾಲ್ಕನೆಯ ದಿನ ಒಂದು ಬಿಚ್ಚಿದ. ಆರನೆಯ ದಿನ ಎರಡೂ ಇಲ್ಲದೆ ಅವಳು ಈ ಗೋಡೆಯಿಂದ ಆ ಗೋಡೆಗೆ ಹೋಗಿ ಮುಟ್ಟಿದಳು. ಆರೂ ದಿನ ನಾನು ನೀರಿಗಿಂತ ಎಂಟು ಮೆಟ್ಟಿಲು ಮೇಲೆ ಟವೆಲ್ ಹಿಡಿದು ಕೂತು, "ಕಾಲ ಬಡಿ! ಉಸರ ಹಿಡಿ! ಕೈ ಅಗಲ ಮಾಡು!" ಎಂದು ಪಾಠ ಮಾಡುತ್ತಿದ್ದೆ. ಆರನೆಯ ದಿನ ಅವಳು ನೀರಿನಿಂದಲೇ ಕೂಗಿದಳು.

"ಅವ್ವಾ, ನೀ ಇಳಿ."

"ಈಗ ಊಟ ಆಗ್ಯಾದವ್ವಾ. ನಾಳಿ ಇಳೀತೇನಿ."

ಅವಳು ಮೆಟ್ಟಿಲ ಮೇಲೆ ಬಂದು ನನ್ನ ಪಕ್ಕ ಕೂತಳು. "ನಿನಗ ನೀರಿನ ಅಂಜಿಕಿ ಅದ ಅಲಾ? ಅದಕ್ಕ ಪ್ರತಿ ಸಲ ರದ್ದ ಆಗ್ತದ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ನನಗೇ ತಿಳಿಯದ ಉತ್ತರವನ್ನು ನನ್ನ ಉತ್ತರಪತ್ರಿಕೆಯಲ್ಲಿ ಅವಳೇ ಬರೆದು ಕೊಟ್ಟಳು.

ಓದುಗರ ಮುಂದೆ ಮುಚ್ಚಿಡುವುದೇನು? ಎಂಟು ವರ್ಷದವಳಿದ್ದಾಗ ಇದೇ ಬಾವಿಗೆ ನಮ್ಮ ಕಾಕಾ ನನ್ನನ್ನು ಬುರುಡೆ ಕಟ್ಟದೆಯೇ ತಳ್ಳಿದ್ದರು. ಹಾಗೆ ತಳ್ಳಿದರೆ ಜಲ್ದಿ ಕಲಿಯುತ್ತಾರಂತೆ. ನಾನು ಜಲ್ದಿ ಕಲಿತದ್ದು ಇಷ್ಟೇ: ಬಕೀಟಿಗಿಂತ ದೊಡ್ಡ ನೀರಿನ ಸಹವಾಸ ಬೇಡ. ಮೈದುನನ ಮನೆಯ ನಿಶ್ಚಿತಾರ್ಥಕ್ಕೆ ನಾನು ಹೋಗಲೇಬೇಕೆಂದು ಯಾರೂ ಹಟ ಹಿಡಿದಿರಲಿಲ್ಲ. ಚುನಾವಣೆಯ ಆದೇಶ ಬಂದಾಗ ಜೊತೆಯ ಶಿಕ್ಷಕಿಯೊಬ್ಬಳು, "ಬದಲಿಗಿ ಅರ್ಜಿ ಕೊಡೂಣು ಅಕ್ಕಾ, ನಾ ಹೋಗ್ತೇನಿ" ಎಂದಿದ್ದಳು. ನಾನು ಪ್ರಜಾಪ್ರಭುತ್ವದ ಮೇಲೆ ಅವಳಿಗೊಂದು ಭಾಷಣ ಮಾಡಿ, ಆದೇಶದ ಕಾಗದವನ್ನು ಎದೆಗೊತ್ತಿಕೊಂಡು ಮನೆಗೆ ಬಂದಿದ್ದೆ. ಜುಲೈ ತಪ್ಪಿದಾಗಲೂ ನಾಚಿಕೆಯ ಜೊತೆಗೆ ಒಂದು ಹಗುರ ಉಸಿರು ಬಂದಿತ್ತು. ಮಗಳು ಇದನ್ನೆಲ್ಲ ನೋಡುತ್ತಲೇ ಇದ್ದಳು.

ಎದ್ದೆ. "ಬಸಣ್ಣಾ, ಕ್ಯಾನು ಕಟ್ಟು" ಎಂದೆ. "ಎಷ್ಟು ಅಕ್ಕಾ?" ಎಂದ. "ಎಷ್ಟವ ಅಷ್ಟೂ." ನಾಲ್ಕು ಕ್ಯಾನು ಕಟ್ಟಿಸಿಕೊಂಡು, ದೇವರ ಹೆಸರು ಹೇಳಿ ಇಳಿದೆ. ಮುಳುಗುವ ಪ್ರಶ್ನೆಯೇ ಬರಲಿಲ್ಲ, ನನ್ನ ಮುಕ್ಕಾಲು ಭಾಗ ನೀರಿನ ಮೇಲೆಯೇ ಇತ್ತು. ಕೈಕಾಲು ನೀರಿಗೆ ತಾಗಿಸಲೂ ಒದ್ದಾಡಬೇಕಾಯಿತು. ಬಸಣ್ಣ ಗೋಡೆ ಹಿಡಿದು ನಕ್ಕ. ನಗಲಿ ಬಿಡಿ, ರಜೆ ಮುಗಿಯುವಷ್ಟರಲ್ಲಿ ನಾನು ಎರಡು ಕ್ಯಾನಿಗೆ ಇಳಿದಿದ್ದೆ.

ಉಳಿದದ್ದು ರಜೆಯ ಅರ್ಜಿ. ನಮ್ಮ ಶಾಲೆಯಲ್ಲಿ ರಜೆಗೆ ಕಾರಣಗಳು ಮೂರೇ: ಅನಾರೋಗ್ಯ, ಮನೆಗೆಲಸ, ಲಗ್ನ. ಅಕ್ಷತಾ ಪಕ್ಕದಲ್ಲೇ ಕೂತು ನೋಡುತ್ತಿದ್ದುದರಿಂದ ನಾನು ನಿಜವನ್ನೇ ಬರೆದೆ: "ಮಗಳೊಂದಿಗೆ ಸಮುದ್ರ ನೋಡಲು ಮತ್ತು ಅಲೆಯ ಮೇಲೆ ನಿಲ್ಲುವುದನ್ನು ಕಲಿಯಲು." ಇಂಥ ಅರ್ಜಿಯನ್ನು ಯಾವ ಮುಖ್ಯೋಪಾಧ್ಯಾಯರೂ ಮಂಜೂರು ಮಾಡುವುದಿಲ್ಲ ಎಂಬ ಧೈರ್ಯವೂ ಎಲ್ಲೋ ಒಂದು ಮೂಲೆಯಲ್ಲಿತ್ತು, ಸುಳ್ಳೇಕೆ ಹೇಳಲಿ.

ನಮ್ಮ ಹೆಡ್‌ಮಾಸ್ತರರು ಅದನ್ನು ಎರಡು ಸಲ ಓದಿ, ಚಷ್ಮಾ ತೆಗೆದು ನನ್ನನ್ನು ನೋಡಿದರು. ನಾನೇ ಅವರ ನೆರವಿಗೆ ಹೋದೆ. "ಪಾಠ ಭಾಳ ಹಿಂದ ಉಳದಾವ್ರಿ ಸರ್. ತ್ರಾಸ ಆಗ್ತಿದ್ರ ಬ್ಯಾಡ ಬಿಡ್ರಿ."

"ಏನ್ ತ್ರಾಸ್ರಿ? ನಿಮ್ಮ ಕ್ಲಾಸ ನಾ ತಗೋತೇನಿ. ಹೋಗಿ ಬರ್ರಿ" ಎಂದು ಸಹಿ ಹಾಕಿಯೇಬಿಟ್ಟರು. ಆಮೇಲೆ ದನಿ ತಗ್ಗಿಸಿ, "ನಾನೂ ನೋಡಿಲ್ರಿ ಟೀಚರ. ಹ್ಯಾಂಗದ ಅಂತ ಬಂದು ಹೇಳ್ರಿ" ಎಂದರು. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಮೊದಲ ಬಾರಿಗೆ ಸರ್ಕಾರ ನನ್ನ ಕೈ ಬಿಟ್ಟಿತು.

ಶುಕ್ರವಾರ ಸಂಜೆ ಆಟೋ ಬಾಗಿಲಿಗೆ ಬಂತು. ಔರಾದದಲ್ಲಿ ಗುಮಾಸ್ತರಾಗಿರುವ ನಮ್ಮ ಮನೆಯವರು, "ನೀವಿಬ್ಬರೂ ನೀರಾಗ ಇಳೀರಿ, ನಾ ದಂಡಿ ಮ್ಯಾಲ ಬುತ್ತಿ ಕಾಯ್ತೇನಿ" ಎಂದು ರೊಟ್ಟಿ ಗಂಟನ್ನು ಹೊತ್ತು ಮುಂದೆ ನಡೆದರು. ನಾನು ಬೀಗ ಹಾಕಿ, ಎಳೆದು ನೋಡಿ, ಇನ್ನೊಮ್ಮೆ ಎಳೆದು ನೋಡಿದೆ. ಗ್ಯಾಸು ಬಂದ್ ಮಾಡಿದೆನೇ ಎಂದು ಬೀಗ ತೆಗೆದು ಒಳಗೆ ಹೋಗಿ ಬಂದೆ. ಅಕ್ಷತಾ ಚೀಲ ಹೆಗಲಿಗೇರಿಸಿ ಮೆಟ್ಟಿಲ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದಳು.

"ಅವ್ವಾ, ಖರೇ ಹೇಳು. ಜ್ವರಾ ಗಿರಾ ಬಂದಂಗ ಏನರ ಆಗ್ಯಾದೇನು?"

"ಛೇ, ಏನೂ ಇಲ್ಲ" ಎನ್ನುವಷ್ಟರಲ್ಲೇ ನನ್ನ ಕೈ ನನ್ನನ್ನು ಕೇಳದೆ ಹಣೆಗೆ ಹೋಗಿತ್ತು. ಹಣೆ ತಣ್ಣಗಿತ್ತು. ಅವಳು ನನ್ನ ಕೈ ಸರಿಸಿ ತಾನೂ ಮುಟ್ಟಿ ನೋಡಿದಳು, ನನ್ನ ಮಾತೊಂದನ್ನೇ ನಂಬುವಷ್ಟು ದಡ್ಡಿಯಲ್ಲ. ಸರಿಸಿದ ಆ ಕೈಯನ್ನು ಮಾತ್ರ ಬಿಡಲಿಲ್ಲ. ಆಟೋ ಹತ್ತಿಸುವ ತನಕ ಗಟ್ಟಿಯಾಗಿ ಹಿಡಿದುಕೊಂಡೇ ಇದ್ದಳು.