ಮುಖವಿಲ್ಲದ ದೊರೆಸಾನಿ

ನಮ್ಮ ಸೋದರಮಾವ ಒಬ್ಬ ಹೆಂಗಸಿನ ಹಿಂದೆ ಹನ್ನೊಂದು ವರ್ಷ ಅಲೆದರು. ಗಾಬರಿಯಾಗಬೇಡಿ, ಆಕೆ ತೀರಿಕೊಂಡು ಆಗಲೇ ಮುನ್ನೂರು ವರ್ಷವಾಗಿತ್ತು! ತೊಂದರೆ ಬೇರೆಯದೇ ಇತ್ತು: ಆಕೆಗೆ ಮುಖವಿರಲಿಲ್ಲ.

ಎಪ್ಪತ್ತರ ದಶಕದ ಮಾತು. ಮಾವ ಕಡೂರಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಅಜ್ಜಂಪುರದ ವ್ಯಾಪಾರಸ್ಥರೊಬ್ಬರ ಮನೆಯ ದೇವರಗೂಡಿನಲ್ಲಿ ಕಾಗದದ ಹಳೇ ಹಸ್ತಪ್ರತಿಯೊಂದಿತ್ತು. ಅದರ ಒಂದು ಹಾಳೆಯಲ್ಲಿ ಬಣ್ಣದ ಚಿತ್ರ. ಗದ್ದುಗೆಯ ಮೇಲೆ ಸ್ವಾಮಿಗಳು, ಎದುರಿಗೆ ಕೈಮುಗಿದ ದೊರೆ, ಅವನ ಪಕ್ಕದಲ್ಲೊಂದು ಎತ್ತು, ಹಿಂದೆ ದೊರೆಸಾನಿ. ಎತ್ತಿನ ಮೂಗು ಕೂಡ ನೆಟ್ಟಗಿತ್ತು. ದೊರೆಸಾನಿಯ ಮುಖ ಮಾತ್ರ ಅಳಿಸಿಹೋಗಿ ಕೆಂಪು ಕಲೆ ಉಳಿದಿತ್ತು. ಚಿತ್ರ ಬರೆಸಿದ ದೊರೆ ಯಾರು? ಯಾವ ಮಠಕ್ಕೆ ಕೊಟ್ಟ? ಆಕೆಯ ಮುಖ ಅಳಿಸಿದ್ದು ಯಾರು?

"ಅದು ರಕ್ತ ಕಣೇ," ಎಂದು ಮಾವ ಪಿಸುಗುಟ್ಟುತ್ತಿದ್ದರು. "ತರೀಕೆರೆ ಪಾಳೇಗಾರ್ರ ಮನೆಯೋಳು. ಮಠಕ್ಕೆ ದಾನ ಕೊಟ್ಲು ಅಂತ ದಾಯಾದಿಗಳು ಮುಖಾನೇ ಇಲ್ದಂಗೆ ಮಾಡ್ಬಿಟ್ರು."

ನನಗೋ ಎಲೆ ಅಲುಗಿದರೂ ಎದೆ ಹೊಡೆದುಕೊಳ್ಳುವ ಸ್ವಭಾವ. ಆಗಷ್ಟೇ ಟೈಪಿಂಗ್ ಕಲಿತಿದ್ದರಿಂದ ಕಂಡಕಂಡ ಮಠಗಳಿಗೆ ಕಾಗದ ಹೊಡೆಯುವ ಕೆಲಸ ನನ್ನ ತಲೆಗೇ ಬಂತು. ಒಂದೇ ಒಂದು ಮಠದಿಂದ ಉತ್ತರ ಬಂತು. ಕವರಿನ ತುಂಬ ವಿಭೂತಿ.

ಚಿತ್ರದ ಎತ್ತು ಅರಮನೆಯ ಅಮೃತಮಹಲ್ ತಳಿಯದು ಎಂದು ಸಾಬೀತು ಮಾಡಲು ಮಾವ ಟೇಪು ಹಿಡಿದು ಆ ದನಗಳು ಮೇಯುವ ಎಮ್ಮೆದೊಡ್ಡಿ ಕಾವಲಿಗೂ ಹೋದರು. ಕೊಂಬು ಅಳೆಸಿಕೊಳ್ಳಲು ಯಾವ ಹೋರಿ ನಿಲ್ಲುತ್ತದೆ, ನೀವೇ ಹೇಳಿ? ಮಾವ ಜಾಲಿಮರ ಹತ್ತಿ ಜೀವ ಉಳಿಸಿಕೊಂಡರು. ಅಮ್ಮ ಎರಡು ದಿನ ಮುಳ್ಳು ಕಿತ್ತಳು. "ಅದು ಅಟ್ಟಿಸ್ಕೊಂಡು ಬಂದ ಗತ್ತು ನೋಡಿದ್ರೆ ಅರಮನೆ ದನವೇ ಕಣೇ," ಎಂದು ಮಾವ ಮುಳ್ಳು ಕೀಳಿಸಿಕೊಳ್ಳುತ್ತಲೇ ಹೇಳಿದರು.

ಕೊನೆಗೊಂದು ವರ್ಷ ಅಜ್ಜಂಪುರದ ಆ ಮನೆಯ ಅಜ್ಜಿ ಚಿತ್ರವಿದ್ದ ಪುಸ್ತಕವನ್ನು ಹದಿನೈದು ದಿನಕ್ಕೆ ಕೊಟ್ಟರು. ಮಾವ ವರ್ಷಗಳಿಂದ ಬರೆಯುತ್ತಿದ್ದ ಆ ಚಿತ್ರದ ನಕಲು ಮುಗಿಯಬೇಕಿತ್ತಲ್ಲ! "ಆಯುಧಪೂಜೆ ಬೆಳಿಗ್ಗೆ ತಂದ್ಕೊಡಪ್ಪಾ. ಅದರ ಪೂಜೆ ಆಗ್ದೆ ನಾನು ನೀರೂ ಮುಟ್ಟಲ್ಲ," ಎಂದರು. ಎಂಬತ್ತು ದಾಟಿದ ಜೀವ. ಮಾವ ಮಾತು ಕೊಟ್ಟರು.

ಹಬ್ಬದ ದಿನ ನಸುಕಿನಲ್ಲೇ ಇಬ್ಬರೂ ಹೊರಟೆವು. ಬೀರೂರಿಗೆ ಬಂದಾಗ ಮಾವ, "ತರೀಕೆರೇಲಿ ಒಂದು ಮುಖ ಮುರಿದ ಕಲ್ಲಿನ ವಿಗ್ರಹ ಐತಂತೆ. ನೋಡ್ಕೊಂಡು ಹೋಗಾಣ. ಹತ್ತೇ ನಿಮಿಷ," ಎಂದರು. ಹತ್ತು ನಿಮಿಷ ಮೂರು ಗಂಟೆಯಾಯಿತು. ತರೀಕೆರೆ ಬಸ್‌ಸ್ಟ್ಯಾಂಡಿಗೆ ಓಡಿ ಬಂದರೆ, ಅಜ್ಜಂಪುರದ ಬಸ್ಸಿಗೆ ಡ್ರೈವರು ಬಾಳೆಕಂದು ಕಟ್ಟುತ್ತಿದ್ದ.

"ಬಸ್ಸಿನ ಪೂಜೆ ಆಗ್ದೆ ಸ್ಟೇರಿಂಗ್ ಮುಟ್ಟಲ್ಲ ಕಣ್ರೀ."

"ಅಲ್ಲಿ ಒಬ್ಬರು ಅಜ್ಜಿ ಉಪವಾಸ ಕೂತವ್ರೆ ಕಣಪ್ಪಾ."

"ಇಲ್ಲಿ ನಾನೂ ಉಪವಾಸವೇ."

ಹೂವಾಯಿತು, ನಿಂಬೆಹಣ್ಣಾಯಿತು. ಬೂದುಗುಂಬಳ ಮರೆತಿದ್ದಾರೆಂದು ತರಲು ಹೋದವನು ಮಧ್ಯಾಹ್ನ ಕಳೆದರೂ ಬರಲಿಲ್ಲ. ಬಿಸಿಲೇರಿತು, ಇಳಿಯಿತು. "ಅಜ್ಜಿಗೆ ಏನಾದ್ರೂ ಆಗಿದ್ರೆ, ಮಾವ?" ಎಂದೆ. "ಸುಮ್ನಿರೇ," ಎಂದರು. ಪುಸ್ತಕದ ಚೀಲ ಅವುಚಿಕೊಂಡು ಕುಂಬಳಕಾಯಿಯ ದಾರಿ ನೋಡಿದರು. ಆಮೇಲೆ ಅವರು ಒಮ್ಮೆಯೂ ದೊರೆಸಾನಿಯ ಮಾತೆತ್ತಲಿಲ್ಲ.

ಅಜ್ಜಂಪುರ ತಲುಪಿದಾಗ ದೀಪ ಹಚ್ಚುವ ಹೊತ್ತು. ಅಜ್ಜಿ ಕಂಬಕ್ಕೊರಗಿ ಕೂತಿದ್ದರು. ತುಟಿ ಒಣಗಿ ಬಿರಿದಿತ್ತು.

"ಬಂದ್ಯೇನಪ್ಪಾ? ಮುಖ ಬಾಡಿಹೋಗೈತೆ, ಮೊದ್ಲು ನೀರು ಕುಡಿ."

ಮಾವ ಲೋಟ ಹಿಡಿದರು, ಕುಡಿಯಲಿಲ್ಲ.

ಆ ಪೂಜೆ ಮನೆಯ ಹೆಂಗಸರದು. ಹೊರಗಿನವರು ನೋಡಿದ್ದೇ ಇಲ್ಲ. ಅಂದು ತಡವಾಗಿದ್ದರಿಂದ ಅಜ್ಜಿ ನಮ್ಮೆದುರೇ ಪುಸ್ತಕ ಬಿಚ್ಚಿದರು. ಸೆರಗಿನ ತುದಿಯನ್ನು ನೀರಿಗದ್ದಿ ದೊರೆಸಾನಿಯ ಮುಖವನ್ನು ಚೆನ್ನಾಗಿ ಒರೆಸಿದರು.

"ಅಜ್ಜೀ, ಏನ್ಮಾಡ್ತಿದೀರಿ!" ಮಾವ ಚೀರಿಯೇಬಿಟ್ಟರು.

"ಅಮ್ಮನಿಗೆ ಹೋದ್ವರ್ಷದ ಕುಂಕುಮ ಒರೆಸ್ದೆ ಹೊಸದು ಇಡಕ್ಕಾಗ್ತದೇನಪ್ಪಾ? ನಮ್ಮತ್ತೆ, ಅವರತ್ತೆ ಎಲ್ಲಾ ಹಿಂಗೇ ಮಾಡ್ತಿದ್ದಿದ್ದು."

ಹನ್ನೊಂದು ವರ್ಷ ಹುಡುಕಿದ ದಾಯಾದಿ ಎದುರಿಗೇ ಕೂತಿದ್ದರು. ಮಾವ ಮೆಲ್ಲಗೆ, "ಇಡಿ ಅಜ್ಜಿ, ಇಟ್ಟು ಊಟ ಮಾಡಿ," ಎಂದರು. ಅಜ್ಜಿ ಕೊನೆಯ ತುತ್ತು ನುಂಗುವವರೆಗೂ ಮಾವ ಅಲ್ಲಿಂದ ಏಳಲಿಲ್ಲ.

ಮಾವ ತೀರಿಕೊಂಡ ಮೇಲೆ ಅವರ ಡ್ರಾಯಿಂಗ್ ಪುಸ್ತಕ ನನ್ನ ಕೈಗೆ ಬಂತು. ಆ ಚಿತ್ರದ ನಕಲೂ ಅದರಲ್ಲಿತ್ತು. ಅಷ್ಟು ವರ್ಷ ಖಾಲಿ ಬಿಟ್ಟಿದ್ದ ಜಾಗದಲ್ಲಿ ಈಗ ಒಂದು ಮುಖವಿತ್ತು. ಬೊಚ್ಚುಬಾಯಿ, ಬಿರಿದ ತುಟಿ, ನೀರು ಕುಡಿಯೆಂದು ಕರೆಯುವ ಕಣ್ಣು. ನನಗೆ ಅಳು ತಡೆಯಲಾಗಲಿಲ್ಲ. ಮುಟ್ಟಬೇಕೆಂದು ಬೆರಳು ಚಾಚಿದೆ. ಅಳಿಸಿಹೋದೀತೆಂದು ಹೆದರಿ ಹಿಂದಕ್ಕೆ ತೆಗೆದುಕೊಂಡೆ.