ಅರವತ್ತು ಏನು?

“ಇವತ್ತಿನಿಂದ ನನ್ನ ಕಾರಿನ ಪ್ಲಗ್ಗಿಗೆ ನನ್ನ ಕೈ ಬಿಟ್ಟು ಇನ್ನೊಬ್ಬರ ಕೈ ತಾಗಲ್ಲ. ಬರೆದಿಟ್ಕೋ.”

ಶನಿವಾರ ಬೆಳಿಗ್ಗೆ, ಬಸವೇಶ್ವರನಗರದ ತಮ್ಮ ಮನೆಯ ಅಡುಗೆಮನೆ ಬಾಗಿಲಲ್ಲಿ ನಿಂತು ಪುರುಷೋತ್ತಮ ಮೇಷ್ಟ್ರು ಹೀಗೆ ಘೋಷಿಸಿದರು. ಪಂಕಜಮ್ಮ ಬರೆದಿಟ್ಟುಕೊಳ್ಳಲಿಲ್ಲ. ಅವರ ಎರಡೂ ಕೈ ರವೆ ಉಂಡೆ ಕಟ್ಟುವುದರಲ್ಲಿದ್ದವು. ಮಾರನೆಯ ದಿನ ಕೆಂಗೇರಿಯ ಛತ್ರದಲ್ಲಿ ಅವರ ಒಬ್ಬರೇ ಅಣ್ಣ ಸುಧೀಂದ್ರ ಅವರ ಅರವತ್ತರ ಶಾಂತಿ. ಅರವತ್ತು ತುಂಬಿದ್ದಕ್ಕೆ ಅರವತ್ತು ಉಂಡೆ, ಅದೂ ತಂಗಿಯ ಕೈಯಿಂದಲೇ ಆಗಬೇಕು ಎಂದು ಅಣ್ಣ ಬಾಯಿಬಿಟ್ಟು ಕೇಳಿದ್ದರು. ಹತ್ತೂಕಾಲಿಗೆ ಮಾಂಗಲ್ಯಧಾರಣೆ, ಅದಾದ ಮೇಲೆ ಆರತಿ. ಆರತಿ ಎತ್ತಬೇಕಾದವಳು ತಂಗಿ. ಆ ತಂಗಿಯನ್ನು ಕೆಂಗೇರಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವ ಭಾರ ಮೇಷ್ಟ್ರ ಕಾರಿನದು.

ಮೇಷ್ಟ್ರು ಹುಟ್ಟಾ ಸಿಟ್ಟಿನವರು. ರಾಜಾಜಿನಗರದ ಹೈಸ್ಕೂಲೊಂದರಲ್ಲಿ ಇಪ್ಪತ್ತೇಳು ವರ್ಷದಿಂದ ಗಣಿತ, ವಿಜ್ಞಾನ ಹೇಳುತ್ತಿದ್ದರು. ಲೆಕ್ಕವೆಲ್ಲ ಸರಿಯಿದ್ದರೂ ಉತ್ತರದ ಮುಂದೆ ಮೀಟರೋ ಗ್ರಾಮೋ ಬರೆಯದಿದ್ದರೆ ಅರ್ಧ ಅಂಕ ಹೋಯಿತೆಂದೇ ಲೆಕ್ಕ. “ಅರವತ್ತು ಏನೋ? ಅರವತ್ತು ಮೊಳವಾ, ಅರವತ್ತು ಎಮ್ಮೆಯಾ? ಯೂನಿಟ್ ಬರೀದ ಕೈಗೆ ಬರೆ ಹಾಕ್ಬೇಕು!” ಉತ್ತರಪತ್ರಿಕೆ ತಿದ್ದುವಾಗ ಮನೆಯಲ್ಲೂ ಹೀಗೇ ಕೂಗುತ್ತಿದ್ದುದರಿಂದ ಪಂಕಜಮ್ಮನಿಗೆ ಈ ಸ್ತೋತ್ರ ಬಾಯಿಪಾಠವಾಗಿತ್ತು.

ಇಂಥ ಮನುಷ್ಯ ಹೋದ ವರ್ಷ, ಎರಡು ಸಾವಿರದ ಏಳರಲ್ಲಿ, ರ‍್ಯಾಲಿ ಓಡಿಸುತ್ತಿದ್ದ ಹುಡುಗನೊಬ್ಬ ದುಬೈಗೆ ಹೊರಟಾಗ ಅವನ ಕಾರನ್ನು ಕೊಂಡರು. ಅದಕ್ಕೆ ಸೂಪರ್‌ಚಾರ್ಜರ್ ಕೂರಿಸಲಾಗಿತ್ತು. ಎಂಜಿನ್ನಿಗೆ ಗಾಳಿಯನ್ನು ಒತ್ತಿ ಒತ್ತಿ ತುಂಬುವ ಯಂತ್ರ ಅದು. “ಮನೆಗೆ ತರಕಾರಿ ತರೋಕೆ ಇದ್ಯಾಕ್ರೀ?” ಎಂದು ಪಂಕಜಮ್ಮ ಕೇಳಿದ್ದರು. ಮೇಷ್ಟ್ರು ಉತ್ತರವಾಗಿ ಆಕ್ಸಿಲರೇಟರ್ ಒತ್ತಿ ಇಡೀ ಬೀದಿಯ ನಾಯಿಗಳನ್ನು ಎಬ್ಬಿಸಿದ್ದರು.

ಈಗ ಸಿಟ್ಟು ಬಂದಿದ್ದು ಬಾಪೂಜಿ ನಗರದ ಮೆಕ್ಯಾನಿಕ್ ಮಡಿವಾಳಪ್ಪನ ಮೇಲೆ. ಗದಗಿನ ಕಡೆಯ ಮನುಷ್ಯ, ಮಾತು ಕಡಿಮೆ. ಹಳೆಯ ಪ್ಲಗ್ಗುಗಳು ಸವೆದಿವೆ, ಹೊಸದು ಹಾಕಿಸಿ ಎಂದು ಹೇಳಿದ್ದು ಅವನೇ. ಹಾಗೆ ಹೇಳುತ್ತಾ ಇನ್ನೊಬ್ಬರ ಕಾರಿನ ಪ್ಲಗ್ಗು ಹಿಡಿದು, ಕಿಡಿ ಹಾರುವ ಸಂದಿಗೆ ಕಬ್ಬಿಣ ಕೊಯ್ಯುವ ಗರಗಸದ ಬ್ಲೇಡನ್ನು ತೂರಿಸಿ ಅಳತೆ ನೋಡುತ್ತಿದ್ದ.

“ನನ್ನ ಕಾರಿಗೂ ಹೀಗೇ ಗ್ಯಾಪ್ ಇಡ್ತೀಯೇನಯ್ಯಾ?” ಎಂದರು ಮೇಷ್ಟ್ರು.

“ಹೌದ್ರಿ ಸರ. ನಿಮ್ಮ ಗಾಡಿಗೆ ಅರವತ್ತ ಇಟ್ಟರ ಸಾಕ್ರಿ. ಬ್ಲೇಡ್ ಅಷ್ಟ ದಪ್ಪ ಇರತೈತಿ.”

“ಗರಗಸದಲ್ಲಿ ಅಳತೆ ಮಾಡೋಕೆ ಇದೇನು ಸೌದೆಯಾ? ವಿಜ್ಞಾನ ಕಣಯ್ಯಾ, ವಿಜ್ಞಾನ!”

ಎಂದವರೇ ಎದ್ದು ಬಂದಿದ್ದರು. ಮಡಿವಾಳಪ್ಪ ಹೇಳಿದ್ದರಲ್ಲಿ ಅವರು ಮನೆಗೆ ತಂದದ್ದು ಒಂದೇ ಮಾತು, ಅರವತ್ತು.

ಪ್ಲಗ್ಗು ಕೊಳ್ಳಲು ಹೋದಲ್ಲಿ ಇನ್ನೊಂದು ಜಗಳವಾಯಿತು. ಗಾಳಿ ಒತ್ತಿ ತುಂಬುವ ಎಂಜಿನ್ ಒಳಗೆ ಬಿಸಿ ಹೆಚ್ಚು. ಹಾಗಾಗಿ ಬಿಸಿಯನ್ನು ಬೇಗ ಬಿಟ್ಟುಕೊಡುವ ಪ್ಲಗ್ಗು ಬೇಕು, ಅದಕ್ಕೆ ಕೋಲ್ಡ್ ಪ್ಲಗ್ ಎನ್ನುತ್ತಾರೆ. ಮೇಷ್ಟ್ರು ಇದನ್ನೆಲ್ಲ ಓದಿಕೊಂಡೇ ಹೋಗಿದ್ದರು.

“ಕೋಲ್ಡ್ ಪ್ಲಗ್ ಕೊಡಿ,” ಎಂದರು.

“ಎಲ್ಲಾ ಕೋಲ್ಡೇ ಸಾರ್. ಬೆಳಗ್ಗೆಯಿಂದ ಫ್ಯಾನ್ ಕೆಳಗೇ ಇಟ್ಟಿದೀವಿ,” ಎಂದ ಅಂಗಡಿಯವನು.

ಅರ್ಧ ಗಂಟೆ ಪಾಠ ಮಾಡಿ, ಅಂಗಡಿಯ ಅಷ್ಟೂ ಡಬ್ಬ ಕೆಳಗಿಳಿಸಿ, ಬೇಕಾದ ನಂಬರಿನ ನಾಲ್ಕು ಪ್ಲಗ್ಗು ಗೆದ್ದು ತಂದರು. ಮನೆಯಲ್ಲಿ ಅದೇ ಪಾಠವನ್ನು ಹೆಂಡತಿಗೂ ಶುರುಮಾಡಿದರೆ ಪಂಕಜಮ್ಮ ಅರ್ಧಕ್ಕೇ ತಡೆದರು. “ಗೊತ್ತಾಯ್ತು ಬಿಡಿ. ಎಂಜಿನ್ನಿಗೆ ಉಷ್ಣ, ಅದಕ್ಕೆ ತಂಪಿಂದು ಕೊಡ್ಬೇಕು. ಪರಂಗಿಹಣ್ಣು ತಿಂದ ಮೇಲೆ ಮಜ್ಜಿಗೆ ಕುಡಿಯಲ್ವೇ?” ತಾವು ಎರಡು ಪುಸ್ತಕ ಓದಿ ತಿಳಿದದ್ದನ್ನು ಇವಳು ಮಜ್ಜಿಗೆಯಲ್ಲಿ ಮುಗಿಸಿಬಿಟ್ಟಳಲ್ಲ ಎಂದು ಮೇಷ್ಟ್ರಿಗೆ ಉರಿಯಿತು.

“ಸರಿ, ಈ ಗ್ಯಾಪ್ ಹೇಳು ನೋಡೋಣ. ಒತ್ತಡದ ಗಾಳೀಲಿ ಕಿಡಿ ದೂರ ಹಾರಲ್ಲ, ಆರಿಹೋಗುತ್ತೆ. ಅದಕ್ಕೇ ಸಂದು ಮಾಮೂಲಿಗಿಂತ ಕಮ್ಮಿ ಇರ್ಬೇಕು. ತಿಳೀತಾ?”

“ತಿಳೀತು.”

ಕಾರಿನ ಜೊತೆ ಬಂದಿದ್ದ ಅಳತೆಯ ಬಿಲ್ಲೆಯನ್ನು ಮೇಷ್ಟ್ರು ಡ್ರಾಯರಿನಿಂದ ತೆಗೆದರು. ಹಳೆಯ ರೂಪಾಯಿಗಿಂತ ಸ್ವಲ್ಪ ದೊಡ್ಡದು, ಅಂಚು ಸುತ್ತಲೂ ತೆಳುವಿನಿಂದ ದಪ್ಪಕ್ಕೆ ಹೋಗುತ್ತದೆ, ಅಂಚಿನುದ್ದಕ್ಕೂ ಅಂಕಿಗಳು. ಅರವತ್ತು ಎಂದಿದ್ದಲ್ಲಿ ಹೆಬ್ಬೆರಳಿಟ್ಟು, ಪ್ಲಗ್ಗಿನ ಸಂದಿಗೆ ತೂರಿಸಿ, ಅದು ಹಿಡಿಸುವವರೆಗೂ ಲೋಹದ ಕೊಕ್ಕನ್ನು ಬಗ್ಗಿಸಿದರು. ನಾಲ್ಕಕ್ಕೂ ಹಾಗೇ ಮಾಡಿದರು.

ಪಂಕಜಮ್ಮ ಉಂಡೆಯ ಕೈಯಲ್ಲೇ ಬಗ್ಗಿ ನೋಡಿದರು. “ಕಮ್ಮಿ ಅಂದ್ರಿ. ಹಳೇದಕ್ಕಿಂತ ಅಗಲವಾಗಿ ಕಾಣ್ತಿದೆಯಲ್ರೀ?”

“ಅಳತೆ ಕಣ್ಣಿಂದ ನೋಡೋದಲ್ಲ ಕಣೇ. ಅರವತ್ತು ಅಂದ್ರೆ ಅರವತ್ತು. ನೀನು ಉಂಡೆ ಎಣಿಸು ಹೋಗು.”

ಸಂಜೆ ಕಾರು ಚಾಲೂ ಮಾಡಿದರೆ ಎಂಜಿನ್ ಬೆಣ್ಣೆಯಂತೆ ಓಡಿತು. ಮೇಷ್ಟ್ರು ಬೀದಿಯಲ್ಲಿ ಮೆಲ್ಲಗೆ ಒಂದು ಸುತ್ತು ಹಾಕಿ, ಆ ಖುಷಿಯಲ್ಲಿ ಭಾವ ಸುಧೀಂದ್ರ ಅವರಿಗೆ ಫೋನನ್ನೂ ಮಾಡಿದರು. “ಭಾವ, ನಾಳೆ ನಿಮ್ಮ ತಂಗೀನ ಇಪ್ಪತ್ತೈದು ನಿಮಿಷದಲ್ಲಿ ತಂದು ನಿಲ್ಲಿಸ್ತೀನಿ. ಗಡಿಯಾರ ಹಿಡ್ಕೊಂಡು ಕೂತಿರಿ.”

ಭಾನುವಾರ ಒಂಬತ್ತೂಕಾಲಿಗೆ ಹೊರಟರು. ಪಂಕಜಮ್ಮನ ತೊಡೆಯ ಮೇಲೆ ಉಂಡೆಯ ಸ್ಟೀಲ್ ಡಬ್ಬ, ಕಾಲ ಬಳಿ ಆರತಿ ತಟ್ಟೆ. ವಿಜಯನಗರದ ಸಂದಣಿಯಲ್ಲಿ ಕಾರು ಸಾಧುವಾಗಿ ತೆವಳಿತು. ಮೈಸೂರು ರಸ್ತೆಗೆ ಬಂದು, ನಾಯಂಡಹಳ್ಳಿ ದಾಟಿ, ರಸ್ತೆ ಖಾಲಿ ಕಂಡಾಗ ಮೇಷ್ಟ್ರು, “ಈಗ ನೋಡು,” ಎಂದು ಆಕ್ಸಿಲರೇಟರ್ ಒತ್ತಿದರು.

ಢಬ್ ಎಂದಿತು. ಕಾರು ಬೆನ್ನಿಗೆ ಗುದ್ದಿದಂತೆ ಮುಗ್ಗರಿಸಿತು. ಕಾಲು ಸಡಿಲಿಸಿದರೆ ಮತ್ತೆ ಬೆಣ್ಣೆ. ಒತ್ತಿದರೆ ಮತ್ತೆ ಢಬ್, ಢಬ್. ಡಬ್ಬದೊಳಗೆ ಅರವತ್ತು ಉಂಡೆಗಳು ಒಂದಕ್ಕೊಂದು ತಲೆ ಚಚ್ಚಿಕೊಂಡವು.

“ಮೆಲ್ಲಗೆ ಹೋಗ್ರೀ.”

“ಮೆಲ್ಲಗೆ ಹೋಗೋಕೆ ಸೂಪರ್‌ಚಾರ್ಜರ್ ಯಾಕೆ ಬೇಕು? ಕಸ ಕೂತಿರುತ್ತೆ, ಒತ್ತಿದ್ರೆ ಉಗುಳುತ್ತೆ.”

ಒತ್ತಿದರು. ಹಟ ಹಿಡಿದು ಹತ್ತು ಸಲ ಒತ್ತಿದರು. ಹಿಂದಿನ ಬಸ್ಸು ಹಾರ್ನ್ ಬಾರಿಸಿತು, ಆಟೋದವನೊಬ್ಬ ತಲೆ ಹೊರಹಾಕಿ, “ಕಾರಿಗೆ ಕೆಮ್ಮಾ ಸಾರ್? ಶುಂಠಿ ಕಷಾಯ ಕೊಡಿ,” ಎಂದು ಹೋದ. ಹನ್ನೊಂದನೆಯ ಢಬ್ಬಿಗೆ ಎಂಜಿನ್ ನಿಂತೇಹೋಯಿತು. ಗಡಿಯಾರದಲ್ಲಿ ಹತ್ತು ಗಂಟೆ.

ಮೇಷ್ಟ್ರು ಬಾನೆಟ್ ಎತ್ತಿ ಎಂಜಿನ್ನನ್ನು ಬೈದರು. ಅಂಗಡಿಯವನನ್ನು ಬೈದರು, ಪೆಟ್ರೋಲ್ ಬಂಕನ್ನು ಬೈದರು, ದುಬೈಗೆ ಹೋದ ಹುಡುಗನನ್ನಂತೂ ಹೆಸರು ಹಿಡಿದು ಬೈದರು. ಪಂಕಜಮ್ಮ ಕೆಳಗಿಳಿದು ಬಂದು ಎದುರಿಗೆ ನಿಂತರು. ಅವರ ಕಣ್ಣು ಕೆಂಪಾಗಿತ್ತು.

“ಬೈದಿದ್ದು ಮುಗೀತಾ? ಈಗ ನನ್ನ ಸಿಟ್ಟು ಕೇಳಿ. ನನಗಿರೋನು ಒಬ್ಬನೇ ಅಣ್ಣ. ಅವನಿಗೆ ಅರವತ್ತು ತುಂಬೋದು ಒಂದೇ ಸಲ. ನಾನು ಬಸ್ಸಲ್ಲಿ ಹೋಗಿದ್ರೂ ಈಗ ಅವನ ಎದುರಿಗೆ ಇರ್ತಿದ್ದೆ. ನಿಮ್ಮ ಜಂಬಕ್ಕೆ ನನ್ನನ್ನ ರಸ್ತೇಲಿ ನಿಲ್ಲಿಸಿದ್ರಿ.”

ಪಂಕಜಮ್ಮ ಗಂಡನನ್ನು ಕೇಳದೆಯೇ ಮೊಬೈಲಿನಲ್ಲಿ ಮಡಿವಾಳಪ್ಪನ ನಂಬರ್ ಒತ್ತಿದರು.

“ಅಲ್ಲೇ ಇರ್ರಿ ಅಕ್ಕಾರ, ಬಂದೆ,” ಎಂದ ಅವನು. ಬಾಪೂಜಿ ನಗರದಿಂದ ಟಿವಿಎಸ್ಸಿನಲ್ಲಿ ಹತ್ತೇ ನಿಮಿಷಕ್ಕೆ ಬಂದ. ನಿನ್ನೆಯ ಜಗಳದ ಮಾತೇ ಎತ್ತದೆ ಒಂದು ಪ್ಲಗ್ಗು ಬಿಚ್ಚಿ ಬಿಸಿಲಿಗೆ ಹಿಡಿದ.

“ಈ ಸಂದಿನ್ಯಾಗ ಎತ್ತಿನಬಂಡಿ ಹೊಕ್ಕೈತಲ್ರಿ ಸರ. ಎಷ್ಟ ಇಟ್ಟೀರಿ?”

“ನೀನು ಹೇಳಿದ್ದೇ ಕಣಯ್ಯಾ. ಅರವತ್ತು. ಕೂದಲೆಳೆ ಹೆಚ್ಚಿಲ್ಲ, ಕಮ್ಮಿ ಇಲ್ಲ.” ಮೇಷ್ಟ್ರು ಜೇಬಿನಿಂದ ಬಿಲ್ಲೆ ತೆಗೆದು ಸಾಕ್ಷಿಗೆ ಹಿಡಿದರು.

ಪಂಕಜಮ್ಮ ಅದನ್ನು ಕಿತ್ತುಕೊಂಡು ನೋಡಿದರು. ತಿರುವಿ ಹಾಕಿ ಇನ್ನೊಂದು ಮಗ್ಗುಲನ್ನೂ ನೋಡಿದರು. “ಈ ಕಡೆ ಇಂಚಿನ ಲೆಕ್ಕ ಅಂತ ಬರೆದಿದೆ. ಆ ಕಡೆ ಮಿಲಿಮೀಟರ್ ಅಂತಿದೆ. ನೀವು ನಿನ್ನೆ ಬೆರಳಿಟ್ಟಿದ್ದು ಇಂಚಿನ ಕಡೆಗೆ.” ತಲೆಯೆತ್ತಿದರು. “ಅರವತ್ತು ಏನ್ರೀ?”

ಮೇಷ್ಟ್ರು ಬಗ್ಗಿ ಬಿಲ್ಲೆಯ ಮೇಲಿನ ಅಕ್ಷರಗಳನ್ನು ಓದಿದರು.

“ಅರವತ್ತು ಮೊಳವಾ? ಅರವತ್ತು ಎಮ್ಮೆಯಾ?”

ಮಡಿವಾಳಪ್ಪ ಹೇಳಿದ್ದು ಮಿಲಿಮೀಟರಿನ ನೂರರಲ್ಲಿ ಅರವತ್ತು ಪಾಲು. ಮೇಷ್ಟ್ರು ಇಟ್ಟದ್ದು ಇಂಚಿನ ಸಾವಿರದಲ್ಲಿ ಅರವತ್ತು, ಎಂದರೆ ಒಂದೂವರೆ ಮಿಲಿಮೀಟರು. ಬೇಕಾದ್ದಕ್ಕಿಂತ ಎರಡೂವರೆ ಪಟ್ಟು. ಈ ಲೆಕ್ಕವನ್ನು ಅವರು ನಿಂತಲ್ಲೇ ಮನಸ್ಸಿನಲ್ಲಿ ಮಾಡಿದರು, ಉತ್ತರ ಯೂನಿಟ್ ಸಮೇತ ಸರಿಯಾಗಿಯೇ ಬಂತು. ಮಡಿವಾಳಪ್ಪ ಅಷ್ಟರಲ್ಲಿ ಪ್ಲಗ್ಗಿನ ಕೊಕ್ಕನ್ನು ರಸ್ತೆಯ ಕಲ್ಲಿಗೆ ಕುಟ್ಟಿ, ಜೇಬಿನಿಂದ ಗರಗಸದ ಬ್ಲೇಡಿನ ತುಂಡು ತೆಗೆದು ಸಂದಿಗೆ ತೂರಿಸಿ ನೋಡಿದ. ಹೀಗೆ ನಾಲ್ಕೂ ಮುಗಿಸಿದ. ಕಾರು ಬಾಣದ ಹಾಗೆ ಹೊರಟಿತು.

ಛತ್ರ ಮುಟ್ಟಿದಾಗ ಹತ್ತೂ ಮುಕ್ಕಾಲು. ಮಾಂಗಲ್ಯಧಾರಣೆ ಆಗಿಹೋಗಿತ್ತು. ಪಂಕಜಮ್ಮನಿಗೆ ಅದು ನೋಡಲು ಸಿಗಲಿಲ್ಲ, ಇನ್ನು ಸಿಗುವಂತೆಯೂ ಇಲ್ಲ. ಆದರೆ ಆರತಿ ಮಾತ್ರ ನಿಂತಿತ್ತು. ಪುರೋಹಿತರು ಗೊಣಗುತ್ತಿದ್ದರೂ ಸುಧೀಂದ್ರ, “ನನ್ನ ತಂಗಿ ಬರೋವರೆಗೂ ನಾನು ಮಣೆಯಿಂದ ಏಳಲ್ಲ,” ಎಂದು ಹಟ ಹಿಡಿದು ಕೂತಿದ್ದರು. ಪಂಕಜಮ್ಮ ಕಣ್ಣೊರೆಸಿಕೊಂಡು ಆರತಿ ಎತ್ತಿದರು.

“ಇಪ್ಪತ್ತೈದು ನಿಮಿಷ ಅಂದಿದ್ರಿ, ಗಡಿಯಾರ ಹಿಡ್ಕೊಂಡೇ ಕೂತಿದ್ದೆ,” ಎಂದು ಸುಧೀಂದ್ರ ಮೇಷ್ಟ್ರತ್ತ ನಕ್ಕರು. ಆಮೇಲೆ ತಂಗಿಯ ಕಡೆ ತಿರುಗಿದರು. “ಎಲ್ಲಮ್ಮಾ ನನ್ನ ಅರವತ್ತು?”

ಪಂಕಜಮ್ಮ ಡಬ್ಬದ ಮುಚ್ಚಳ ತೆಗೆದರು. ಒಳಗೆ ಒಂದೇ ಒಂದು ಉಂಡೆಯೂ ಇರಲಿಲ್ಲ. ಕಂಠದವರೆಗೆ ರವೆಯ ಪುಡಿ, ಅದರಲ್ಲಿ ಅಲ್ಲಲ್ಲಿ ದ್ರಾಕ್ಷಿ ಗೋಡಂಬಿ.

“ಅರವತ್ತೇ ತಂದಿದೀನಿ ಅಣ್ಣ,” ಎಂದರು ಅವರು, ಗಂಡನ ಮುಖದಿಂದ ಕಣ್ಣು ತೆಗೆಯದೆ. “ಉಂಡೆ ಅಲ್ಲ, ಚಮಚ. ಯೂನಿಟ್ ಒಂದು ಬದಲಾಗಿದೆ ಅಷ್ಟೆ.”